ಗುಡಿಯಿಲ್ಲದ ದೇವರಿಗೆ ಬೆಳ್ಳಿಯ ಗಂಟಲು

ಎಂಟನೆಯ ತರಗತಿಗೆ ಗ್ರೀಕರ ಪಾಠ ಮಾಡುವಾಗ ನಾನು ಯಾವಾಗಲೂ ಒಂದೇ ಮಾತಿನಿಂದ ಮುಗಿಸುತ್ತಿದ್ದೆ: "ಈ ದೇವತೆಗಳನ್ನು ಈಗ ಯಾರೂ ಪೂಜಿಸುವುದಿಲ್ಲ." ಆಮೇಲೆ ಕೈಗೆ ಹತ್ತಿದ ಸೀಮೆಸುಣ್ಣ ಝಾಡಿಸಿಕೊಂಡು ರೋಮನ್ನರ ಕಡೆ ಹೊರಳುತ್ತಿದ್ದೆ. ನಿವೃತ್ತಿಯಾಗುವವರೆಗೂ ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿದವಳು ನಾನು. ಆ ವಾಕ್ಯದ ಮೇಲೆ ನನಗೆ ಎಷ್ಟು ಭರವಸೆ ಇತ್ತೆಂದರೆ, ಪರೀಕ್ಷೆಯಲ್ಲೂ ಅದನ್ನು 'ಸರಿಯೋ ತಪ್ಪೋ ಬರೆಯಿರಿ' ಎಂದು ಕೇಳುತ್ತಿದ್ದೆ. ಸರಿ ಎಂದು ಬರೆದವರಿಗೆ ಅಂಕ.

ಆ ವಾಕ್ಯ ನನ್ನನ್ನು ಹುಡುಕಿಕೊಂಡು ಬಂದದ್ದು ನನ್ನ ತಂಗಿಯ ಗಂಟಲಿನ ದಾರಿಯಿಂದ.

ತಂಗಿ ಧಾರವಾಡದಲ್ಲಿ ಹಾಡು ಕಲಿಸುತ್ತಾಳೆ. ನಮ್ಮದು ಹತ್ತಿ ವ್ಯಾಪಾರದ ಮನೆ, ಆದರೆ ಅಪ್ಪನಿಗೆ ಸಂಗೀತದ ಹುಚ್ಚು. ನಮ್ಮಿಬ್ಬರನ್ನೂ ಒಬ್ಬರೇ ಗುರುಗಳ ಮುಂದೆ ಕೂಡಿಸಿದ. ಸ್ವಲ್ಪ ದಿನಕ್ಕೇ ಗುರುಗಳು ನನ್ನನ್ನು ಎಬ್ಬಿಸಿ, "ನೀ ಸಾಲಿ ಛಲೋ ಕಲಿಯವಾ" ಅಂದರು. ಅಲ್ಲಿಗೆ ನನ್ನ ಸಂಗೀತ ಮುಗಿಯಿತು. ಆಮೇಲೆ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಾ ಏನಾದರೂ ಗುನುಗಿದರೆ ಸಾಕು, ತಂಗಿ ಎಲ್ಲಿದ್ದರೂ ಓಡಿಬಂದು ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. "ಅಕ್ಕಾ, ಸಾಕ್ ಮಾಡು. ಆ ಸ್ವರಾ ಅಲ್ಲಿಲ್ಲ." ಯಾವ ಸ್ವರ ಎಲ್ಲಿಲ್ಲ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಅವಳಿಗೆ ಮಾತ್ರ ತಪ್ಪು ಸ್ವರ ಕೇಳಿದರೆ ಹಲ್ಲು ನೋಯುತ್ತದಂತೆ. ಇದು ಬಡಿವಾರ ಎಂದು ನಾನು ಬಹಳ ದಿನ ತಿಳಿದಿದ್ದೆ. ಬಡಿವಾರ ಅಲ್ಲ, ಖರೇನೇ ನೋಯುತ್ತದೆ.

ಒಂದು ಚಳಿಗಾಲ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಬಿಡುವಾಗ ದನಿಯನ್ನೂ ತೆಗೆದುಕೊಂಡು ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಒಂದು ಲೋಟ ನೀರು ಬೇಕಾದರೂ ಫೋನಿನಲ್ಲಿ ಬರೆದು ತೋರಿಸಬೇಕು. ನಾನು ಅವಳನ್ನು ಬೈರಿದೇವರಕೊಪ್ಪದ ನಮ್ಮ ಮನೆಗೆ ಕರೆದುಕೊಂಡು ಬಂದೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ ಇದ್ದೆವು, ಮೂವರಾದೆವು. ಗೋಕುಲ ರಸ್ತೆಯ ಒಬ್ಬ ಗಂಟಲಿನ ಡಾಕ್ಟರು ಒಳಗೆ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಪಟ್ಟಿಗಳು. ಒಂದು ತೆರೆದು ಮುಚ್ಚುತ್ತಿತ್ತು, ಇನ್ನೊಂದು ಅಲುಗಾಡದೆ ಬಿದ್ದಿತ್ತು.

"ಜ್ವರದಾಗ ನರಕ್ಕ ಪೆಟ್ಟು ಬಿದ್ದೈತ್ರಿ. ತಾನ ಸುಧಾರಿಸಬಹುದು. ಮಾತು ಬರತೈತಿ ಅಂತ ನನಗ ಅನಸತೈತಿ. ಹಾಡಿನ ಬಗ್ಗೆ ಮಾತ್ರ ನಾ ಮಾತು ಕೊಡಂಗಿಲ್ರಿ."

ತಂಗಿ ಅಳಲಿಲ್ಲ. ಮನೆಗೆ ಬಂದವಳು ಧಾರವಾಡದಿಂದ ತಂದಿದ್ದ ತಂಬೂರಿಗೆ ಗವಸು ಹಾಕಿ, ದಾರ ಬಿಗಿದು, ಕಪಾಟಿನ ಸಂದಿಯಲ್ಲಿ ನಿಲ್ಲಿಸಿದಳು. ಅವಳಿಗೆ ಗಂಡ ಮಕ್ಕಳು ಇಲ್ಲ, ಬೇಕೆಂದೂ ಅನ್ನಲಿಲ್ಲ. ಅವಳಿಗೆ ಇದ್ದದ್ದು ಹಾಡು ಒಂದೇ.

ಅವ್ವ ತನಗೆ ಗೊತ್ತಿದ್ದ ಕೆಲಸಕ್ಕೆ ಕೈಹಾಕಿದಳು. ಹರಕೆ ಹೊರುವುದು. ಅವ್ವನ ಕೊರಳಲ್ಲಿ ಲಿಂಗವಿದೆ, ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಾಳೆ, ದೇವರು ಮೈಮೇಲೇ ಇರುವಾಗ ಊರೂರು ಅಲೆಯುವುದೇಕೆ ಎಂದು ಮಂದಿಗೆ ಬುದ್ಧಿಯನ್ನೂ ಹೇಳುತ್ತಾಳೆ. ಮಕ್ಕಳಿಗೆ ಏನಾದರೂ ಆದರೆ ಆ ಬುದ್ಧಿಯೆಲ್ಲ ಮಂದಿಗೇ ಇರಲಿ ಎಂದು ತಾನು ಎದ್ದುಬಿಡುತ್ತಾಳೆ. ಸವದತ್ತಿಯ ಎಲ್ಲಮ್ಮ, ಗೊಡಚಿಯ ವೀರಭದ್ರ, ಮೈಲಾರದ ಲಿಂಗಯ್ಯ, ಯಾರನ್ನೂ ಬಿಡಲಿಲ್ಲ. ಉಣಕಲ್ಲಿನ ಕಡೆ ಬಸ್ಸಿನಿಂದ ಕಂಡ ಹೆಸರು ಗೊತ್ತಿಲ್ಲದ ಗುಡಿಗೂ ಕೈಮುಗಿದು ಒಂದು ಹೊತ್ತಳು. ಹರಕೆಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಮನಸ್ಸಿನಲ್ಲಿ ಅಂದುಕೊಂಡರೆ ಅದು ಹರಕೆಯಲ್ಲ. ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರ ಕಿವಿಗೆ ಬೀಳಬೇಕು. ಕೆಲಸ ಆದಮೇಲೆ ಯಾವ ಅಂಗ ವಾಸಿಯಾಯಿತೋ ಅದನ್ನು ಬೆಳ್ಳಿಯ ತಗಡಿನಲ್ಲಿ ಮಾಡಿಸಿ ದೇವರಿಗೆ ಒಪ್ಪಿಸಬೇಕು. ಕಣ್ಣಿಗೆ ಕಣ್ಣು, ಕಾಲಿಗೆ ಕಾಲು.

ನಾನು ಅದುವರೆಗೂ ಒಂದು ಹರಕೆಯನ್ನೂ ಹೊತ್ತವಳಲ್ಲ. ಹೊರಬೇಕೆಂದರೂ ನನಗೆ ಅಂತ ಒಬ್ಬ ದೇವರನ್ನು ಅವ್ವ ಉಳಿಸಿರಲಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅದೇ ಮಾತು. ಕಾದು ನೋಡೋಣ. ಔಷಧದ ಚೀಟಿ ಬರೆಯುವವರೆಗೆ ಹೊರಗೆ ಕೂತಿದ್ದೆವು. ಎದುರಿನ ಗೋಡೆಯ ಮೇಲೆ ಒಂದು ದೊಡ್ಡ ಫೋಟೋ ಇತ್ತು. ಕಲ್ಲಿನ ಮೂರ್ತಿ, ಗುಂಗುರು ಗಡ್ಡ, ಹೆಗಲಿಂದ ಜಾರಿದ ಬಟ್ಟೆ, ಕೈಯಲ್ಲಿ ಕೋಲು, ಕೋಲಿಗೆ ಸುತ್ತಿದ ಒಂದು ಹಾವು. ಅಸ್ಕ್ಲೀಪಿಯಸ್. ಗ್ರೀಕರ ವೈದ್ಯ ದೇವರು. ಎಷ್ಟು ವರ್ಷ ಪಾಠ ಮಾಡಿದ್ದೆನೋ ಅವನನ್ನು! ಕಾಯಿಲೆಯವರು ಅವನ ಗುಡಿಯಲ್ಲಿ ಮಲಗುತ್ತಿದ್ದರು, ಕನಸಿನಲ್ಲಿ ಬಂದು ವಾಸಿ ಮಾಡುತ್ತಿದ್ದ, ವಾಸಿಯಾದವರು ಮಣ್ಣಿನ ಕೈ ಕಾಲು ಕಿವಿ ಮಾಡಿಸಿ ಅವನ ಗೋಡೆಗೆ ನೇತುಹಾಕುತ್ತಿದ್ದರು. ಮಕ್ಕಳು ಇದನ್ನು ಕೇಳಿ, "ನಮ್ಮಂಗರೀ ಟೀಚರ್" ಎನ್ನುತ್ತಿದ್ದವು. ನಾನು ಹೌದು ಎಂದು ಮುಂದೆ ಹೋಗುತ್ತಿದ್ದೆ.

ಅವತ್ತು ಮುಂದೆ ಹೋಗಲಾಗಲಿಲ್ಲ. ಸಿಟ್ಟು ಬಂದಿತ್ತು ನನಗೆ, ಯಾರ ಮೇಲೆ ಅಂತ ಹೇಳಲಾರದ ಸಿಟ್ಟು. ಎದ್ದು ನಿಂತು ಫೋಟೋಕ್ಕೆ ನೇರವಾಗಿ ಹೇಳಿದೆ, ಬಾಯಿಬಿಟ್ಟೇ ಹೇಳಿದೆ: "ನೋಡಪಾ, ನಿನಗ ಈಗ ಕೆಲಸಾ ಇಲ್ಲ, ಖಾಲಿ ಕುಂತೀದಿ. ನನ್ನ ತಂಗಿ ಮತ್ತ ಹಾಡಲಿ, ನಿನಗ ಬೆಳ್ಳಿ ಗಂಟಲಾ ಮಾಡಿಸಿ ಕೊಡತೇನಿ."

ತಂಗಿ ಕಣ್ಣರಳಿಸಿ ನನ್ನನ್ನೇ ನೋಡಿದಳು. ಆಮೇಲೆ ಫೋನಿನಲ್ಲಿ ಬರೆದು ತೋರಿಸಿದಳು. 'ಅಂವಗ ಗುಡಿ ಎಲ್ಲೈತಿ?' ಬರೆದವಳೇ ನಗತೊಡಗಿದಳು. ದನಿಯಿಲ್ಲದ ನಗು, ಬರೀ ಹೆಗಲು ಕುಣಿಯುತ್ತಿದ್ದವು. ಜ್ವರ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು. ಹರಕೆ ಅಷ್ಟಕ್ಕೇ ತೀರಿತು ಎಂದು ನಾನು ತಿಳಿದೆ.

ತಂಗಿ ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಬರೆದು ತೋರಿಸಿದಳು. ಅವ್ವ ಚಾಳೀಸು ಹಾಕಿಕೊಂಡು ಓದಿದಳು, ಚಾಳೀಸು ತೆಗೆದಳು, ನನ್ನನ್ನು ಕರೆದಳು. ಪರದೇಶದ ದೇವರಿಗೆ ಹೊತ್ತದ್ದಕ್ಕೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅದರ ಬಗ್ಗೆ ಚಕಾರ ಎತ್ತಲಿಲ್ಲ. ಹಾವಿದೆ ಎಂದ ಮೇಲೆ ಅವ್ವನಿಗೆ ಅವನು ಅರ್ಧ ನಮ್ಮವನೇ ಆಗಿಬಿಟ್ಟಿದ್ದ. ಅವಳ ಚಿಂತೆ ಬೇರೆ.

"ಹೊರೋದು ಹೊತ್ತಿ. ತೀರಸೋದು ಎಲ್ಲಿ? ಗುಡಿ ಐತೇನು? ಪೂಜಾರಿ ಅದಾನೇನು?"

"ಗುಡಿ ಬಿದ್ದು ಸಾವಿರದ ಐನೂರು ವರ್ಷ ಆಗಿರಬೇಕವ್ವಾ."

"ಹಂಗಾರ ತೀರದ ಹರಕಿ ಮನಿಮ್ಯಾಗ ಉಳಿತೈತಿ. ನನ್ನ ಮನಿಮ್ಯಾಗ ನಾ ಉಳಿಸಿಕೊಳ್ಳಾಂಗಿಲ್ಲ. ಅಂವಗ ನಡಕೊಳ್ಳೋರು ಇವತ್ತಿಗೂ ಯಾರರ ಅದಾರೇನು ನೋಡು. ಒಬ್ಬರಿದ್ರೂ ಸಾಕು, ಅವರ ಕೈಯಾಗ ಕೊಡೋಣು."

ಇಷ್ಟು ಕಾಲ ಇಲ್ಲ ಎಂದು ಕಲಿಸಿದ್ದನ್ನು ಇದೆಯೋ ಏನೋ ಎಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹುಡುಕಿದೆ. ಇದ್ದಾರಂತೆ! ಗ್ರೀಸಿನಲ್ಲೇ ಕೆಲವರು ಬೆಟ್ಟದ ಬುಡದಲ್ಲಿ ಸೇರಿ, ಬಿಳಿ ಬಟ್ಟೆ ಉಟ್ಟು, ಹಳೆಯ ದೇವತೆಗಳನ್ನು ಕರೆದು ಎಣ್ಣೆ, ಧೂಪ ಅರ್ಪಿಸುತ್ತಾರಂತೆ. ಅಲ್ಲಿಯ ಸರ್ಕಾರ ಈಚೆಗೆ ಅದನ್ನೂ ಒಂದು ಧರ್ಮವೆಂದು ಒಪ್ಪಿದೆಯಂತೆ. ಬಹಳ ಮಂದಿ ಅವರನ್ನು ನೋಡಿ ನಗುತ್ತಾರಂತೆ. ಓದಿ ಹೇಳಿದರೆ ಅವ್ವ ಕೈಯಾಡಿಸಿಬಿಟ್ಟಳು.

"ಫೋನಿನ್ಯಾಗಿನ ಮಂದಿ ಬ್ಯಾಡ. ಮುಖಾ ಕಾಣೋ ಒಬ್ಬಾಂವನ್ನ ತೋರಸು."

ಪುಣ್ಯಕ್ಕೆ ಒಂದು ದಾರಿ ನಮ್ಮ ಮನೆಯಲ್ಲೇ ಇತ್ತು. ತಂಗಿಗೆ ವಿಡಿಯೋದಲ್ಲಿ ಕಲಿಯುವ ಪರದೇಶದ ಶಿಷ್ಯರು ಕೆಲವರಿದ್ದರು. ದನಿ ಹೋದ ಮೇಲೆ ಒಬ್ಬೊಬ್ಬರೇ ನಯವಾಗಿ ಬಿಟ್ಟುಹೋದರು. ಬಿಡದೆ ಉಳಿದವಳು ಒಬ್ಬಳೇ, ಅಥೆನ್ಸಿನಲ್ಲಿ ಸಣ್ಣ ಮಕ್ಕಳ ಶಾಲೆಯ ಟೀಚರು. "ನೀವು ಕೇಳಿದರೆ ಸಾಕು" ಎಂದು ವಾರವಾರ ಪರದೆಯ ಆ ಕಡೆ ಕೂತು ಹಾಡುತ್ತಿದ್ದಳು. ತಂಗಿ ಈ ಕಡೆಯಿಂದ ಕೈಯಾಡಿಸಿಯೇ ತಿದ್ದುತ್ತಿದ್ದಳು. ಸ್ವರ ಸ್ವಲ್ಪ ಮೇಲಿದ್ದರೆ ಅಂಗೈ ಕೆಳಗೆ, ಅವಸರ ಮಾಡಿದರೆ ಬೆರಳು ತುಟಿಗೆ.

ಒಂದು ಪಾಠ ಮುಗಿದ ಮೇಲೆ ನಾನು ಪರದೆಯ ಮುಂದೆ ಕೂತು ನನ್ನ ಹರಕು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದಹಾಗೆ ಕೇಳಿದೆ. ನಿಮ್ಮ ಹಳೆಯ ದೇವರನ್ನು ಈಗ ನಂಬುವವರು ಇದ್ದಾರೆಯೇ?

ಅವಳು ಬಿದ್ದು ಬಿದ್ದು ನಕ್ಕಳು. ತನ್ನ ಅಜ್ಜಿ ಇದನ್ನು ಕೇಳಿದರೆ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದಳು ಎಂದಳು. ಅಲ್ಲಿ ಎಲ್ಲರೂ ಚರ್ಚಿನವರು. ಆದರೆ ಅದೇ ಅಜ್ಜಿ ಮಂಡಿ ನೋವು ಹೋಗಲೆಂದು ಬೆಳ್ಳಿಯ ತಗಡಿನ ಕಾಲು ಮಾಡಿಸಿ ಸಂತರ ಚಿತ್ರಕ್ಕೆ ಕಟ್ಟಿಬಂದಿದ್ದಳಂತೆ. ಅವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ತಲೆದೂಗಿ, "ಛಲೋ ಮಂದಿ" ಅಂದಳು.

ಆಮೇಲೆ ಆ ಶಿಷ್ಯೆ ಇನ್ನೊಂದು ಮಾತು ಹೇಳಿದಳು. ತಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದಾನೆ, ಅಮಾವಾಸ್ಯೆ ಕಳೆದು ಹೊಸ ಚಂದ್ರನ ದಿನ ಬಾಲ್ಕನಿಯಲ್ಲಿ ಹಳೆಯ ದೇವರಿಗೆ ದೀಪ ಹಚ್ಚುತ್ತಾನೆ, ಕಟ್ಟಡದವರೆಲ್ಲ ಅವನಿಗೆ ಸ್ವಲ್ಪ ತಲೆ ಕೆಟ್ಟಿದೆ ಅನ್ನುತ್ತಾರೆ, ತಾನೂ ಅಂದಿದ್ದೇನೆ, ಆದರೂ ಕೇಳಿ ನೋಡುತ್ತೇನೆ ಎಂದಳು.

ಮುಂದಿನ ವಾರ ಅವನ ಉತ್ತರ ಬಂತು. ಅವನಿಗೆ ಇದು ತಮಾಷೆ ಅನ್ನಿಸಿರಲಿಲ್ಲ. ಬಿದ್ದ ಗುಡಿಗೆ ಒಯ್ಯುವುದು ಬೇಡ, ಅಲ್ಲಿ ಟಿಕೀಟು ತೆಗೆಸಿ ಒಳಗೆ ಬಿಡುತ್ತಾರೆ, ಹೂವಿಟ್ಟರೂ ಕಾವಲಿನವರು ಎತ್ತಿ ಒಗೆಯುತ್ತಾರೆ. ತನ್ನ ಮನೆಯ ದೇವರ ಮುಂದೆ ಇಡುತ್ತೇನೆ ಎಂದಿದ್ದ. ಆದರೆ ಒಂದು ಮಾತು. ಈ ದೇವರಿಗೆ ಏನೇ ಕೊಟ್ಟರೂ ಕೊಡುವಾಗ ಹಾಡು ಹಾಡಬೇಕು, ಹಿಂದಿನಿಂದ ಬಂದ ಪದ್ಧತಿ ಅದು. ಮೌನವಾಗಿ ಕೊಟ್ಟರೆ ಕೊಟ್ಟಂತಲ್ಲ. ಮತ್ತೆ, ದನಿ ಹೋದವಳು ಹಾಡಿದಳೇ?

ಹಾಡಿರಲಿಲ್ಲ. ಆದರೆ ಹಾಡಿಸುವ ಹಟ ನನಗೆ ಹತ್ತಿತ್ತು.

ಸತ್ತೂರಿನ ಆಸ್ಪತ್ರೆಯಲ್ಲಿ ದನಿಯ ತರಬೇತಿ ಕೊಡುವ ಹುಡುಗಿಯೊಬ್ಬಳಿದ್ದಳು. ಗ್ಲಾಸಿನ ನೀರಿನಲ್ಲಿ ಸ್ಟ್ರಾ ಇಟ್ಟು ಊದಬೇಕು, ಊದುತ್ತಾ ದನಿ ತೆಗೆಯಬೇಕು, ನೀರು ಗುಳುಗುಳು ಅನ್ನಬೇಕು. ರಾಗಗಳನ್ನು ತಾಸುಗಟ್ಟಲೆ ಹಿಗ್ಗಿಸಿ ಹಾಡಿದವಳಿಗೆ ನೀರಿನಲ್ಲಿ ಗುಳ್ಳೆ ಎಬ್ಬಿಸುವ ಪಾಠ. ತಂಗಿ ಗ್ಲಾಸು ದೂಡಿ ಎದ್ದುಹೋಗುತ್ತಿದ್ದಳು. ನಾನು ಇನ್ನೊಂದು ಗ್ಲಾಸು, ಇನ್ನೊಂದು ಸ್ಟ್ರಾ ತಂದು ಅವಳ ಎದುರು ಕೂತು ಊದುತ್ತಿದ್ದೆ. ಹೈಸ್ಕೂಲಿನಲ್ಲಿ ಹಟಮಾರಿ ಮಕ್ಕಳ ಜೊತೆ ತಲೆ ಚಚ್ಚಿಕೊಂಡವಳಿಗೆ ಇವಳೇನು ಹೆಚ್ಚು! ಮಳೆಗಾಲದ ಹೊತ್ತಿಗೆ ಒಂದು ದಿನ ಅಡುಗೆಮನೆಯಿಂದ ಒಡಕು ದನಿಯೊಂದು ಕೇಳಿತು. "ಅಕ್ಕಾ, ಹಾಲು ಉಕ್ಕಾಕತ್ತೈತಿ." ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ನಾವು ಮೂವರೂ ಅಳುತ್ತಾ ನಿಂತಿದ್ದೆವು. ಒಲೆ ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮಾತು ಬಂತು. ಹಾಡು ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ ಅವಳು ತೆಗೆಯಲೇ ಇಲ್ಲ. ಎರಡೂ ಪಟ್ಟಿ ಅಲುಗಾಡುತ್ತಿವೆ, ಹಾಡಿ ನೋಡ್ರಿ ಎಂದು ಡಾಕ್ಟರು ಅಂದರು. ತಂಗಿ ತಂಬೂರಿಯ ಗವಸಿನ ಗಂಟನ್ನು ಮುಟ್ಟಲಿಲ್ಲ.

"ಈ ದನಿ ನಂದಲ್ಲ ಅಕ್ಕಾ. ಕೆಟ್ಟು ಕೇಳಿಸಿಕೊಳ್ಳೋದಕ್ಕಿಂತ ಸುಮ್ನ ಕುಂದ್ರೋದು ಪಾಡು."

ನಾನು ಬೆಳ್ಳಿ ಬಂಗಾರದ ಕೆಲಸದ ಪತ್ತಾರನ ಅಂಗಡಿಗೆ ಹೋದೆ. ಅವನ ಹತ್ತಿರ ಕಣ್ಣು, ಕೈ, ಪಾದ, ತೊಟ್ಟಿಲು ಎಲ್ಲದಕ್ಕೂ ಅಚ್ಚುಗಳಿದ್ದವು, ಗಂಟಲಿಗೆ ಇರಲಿಲ್ಲ. "ನಾಲಿಗಿ ಐತ್ರಿ ಅಕ್ಕಾರ, ನಡೀತೈತೇನ್ರಿ?" ಎಂದ. ನಡೆಯುವುದಿಲ್ಲ ಎಂದೆ. ಡಾಕ್ಟರು ಕೊಟ್ಟ ಚಿತ್ರ ತೋರಿಸಿ, ಕುತ್ತಿಗೆಯೂ ಒಳಗೆ ಎರಡು ಪಟ್ಟಿಯೂ ಕಾಣುವ ಹಾಗೆ ಮಾಡಿಸಿದೆ. ಯಾವ ದೇವರಿಗೆ ಎಂದು ಕೇಳಿದ. ಗ್ರೀಸ್ ದೇಶದ ದೇವರಿಗೆ ಎಂದೆ. "ಭಾಳ ದೂರ ನಡಕೋತೀರಿ ಬಿಡ್ರಿ" ಅಂದು ಡಬ್ಬಿಯಲ್ಲಿ ಹಾಕಿಕೊಟ್ಟ.

ಚಳಿಗಾಲದಲ್ಲಿ ಆ ಶಿಷ್ಯೆ ಪ್ರತಿ ವರ್ಷದಂತೆ ಕೆಲವು ದಿನ ಕಲಿಯಲು ಬಂದಳು. ಹೊರಡುವಾಗ ನಾನು ಡಬ್ಬಿಯನ್ನು ಅವಳ ಕೈಯಲ್ಲಿಟ್ಟೆ. ತಂಗಿ ಕೆಂಡವಾದಳು. "ನಾ ಹಾಡೇ ಇಲ್ಲ, ಹರಕಿ ಹೆಂಗ ತೀರತೈತಿ?" ಅವ್ವನೂ ಅವಳ ಕಡೆಯೇ. ಕೆಲಸ ಆಗುವ ಮೊದಲೇ ದೇವರಿಗೆ ಯಾರಾದರೂ ಕೊಡುತ್ತಾರೆಯೇ? ಅದು ದೇವರ ಮೇಲೆ ಅನುಮಾನ ಮಾಡಿದಂತೆ.

"ಅನುಮಾನ ಅಲ್ಲವ್ವಾ. ಅಂವನ್ನ ದಾಕ್ಷಿಣ್ಯಕ್ಕ ಕೆಡವಾಕತ್ತೇನಿ," ಅಂದೆ. ಅವ್ವ ತಡೆಯಲಾರದೆ ನಕ್ಕುಬಿಟ್ಟಳು. ತಂಗಿ ನಗಲಿಲ್ಲ.

ಹಲ್ಲಿನ ಡಾಕ್ಟರು ಕೊಟ್ಟ ದಿನ ಅಮಾವಾಸ್ಯೆಯ ಮರುದಿನ. ಅವ್ವ ಪಂಚಾಂಗ ನೋಡಿ ಪಾಡ್ಯ ಎಂದು ಖಾತ್ರಿ ಮಾಡಿಕೊಂಡು, ತಲೆಸ್ನಾನ ಮಾಡಿ, ವಿಭೂತಿ ಹಚ್ಚಿ, ಇಳಕಲ್ ಸೀರೆ ಉಟ್ಟು ಫೋನಿನ ಮುಂದೆ ಕೂತಳು. ನಮಗೆ ಮಧ್ಯಾಹ್ನ, ಅವರಿಗೆ ಬೆಳಗು. ತಂಗಿ ಬಾಗಿಲಿಗೆ ಆನಿಕೊಂಡು ನಿಂತಳು, ಕೂಡಲಿಲ್ಲ.

ಪರದೆಯ ಮೇಲೆ ಒಂದು ಬಾಲ್ಕನಿ. ಒಣಹಾಕಿದ ಟವೆಲು, ಕುಂಡಗಳು, ಒಂದು ಸಣ್ಣ ಮೇಜು. ಮೇಜಿನ ಮೇಲೆ ಗೇಣುದ್ದದ ಮೂರ್ತಿ, ಅದೇ ಗಡ್ಡ, ಅದೇ ಕೋಲು. ಎಣ್ಣೆಯ ದೀಪ ಉರಿಯುತ್ತಿತ್ತು. ಶಿಷ್ಯೆಯ ಪಕ್ಕದಲ್ಲಿ ಬೋಳು ತಲೆಯ, ಸ್ವೆಟರು ಹಾಕಿದ ಒಬ್ಬ ಸಾಧಾರಣ ಮನುಷ್ಯ. ಕೈ ತೊಳೆದು, ಧೂಪ ಹಾಕಿ, ನಮ್ಮ ಬೆಳ್ಳಿಯ ಗಂಟಲನ್ನು ಎರಡೂ ಕೈಯಲ್ಲಿ ಎತ್ತಿ ಮೂರ್ತಿಯ ಪಾದದ ಹತ್ತಿರ ಇಟ್ಟ. ಅವ್ವ ಈ ಕಡೆಯಿಂದ ಕೈಮುಗಿದಳು. ಅವನು ಅವ್ವನನ್ನು ಕಂಡು ಬಾಗಿದ.

ನನಗೆ ತಡೆಯಲಾಗಲಿಲ್ಲ. ಇಷ್ಟು ದೂರ ಬಂದಮೇಲೆ ಕೇಳದೆ ಬಿಟ್ಟರೆ ಹೇಗೆ? ನೀವು ಇವನನ್ನು ಖರೇ ನಂಬುತ್ತೀರಾ ಎಂದು ಆ ಶಿಷ್ಯೆಯ ಮೂಲಕ ಕೇಳಿಸಿದೆ. ಅವನು ಹುಬ್ಬು ಗಂಟಿಕ್ಕಿ ಏನೋ ಅಂದ. ಅವಳು ಹಿಂದುಮುಂದು ನೋಡಿ ತಿಳಿಸಿದಳು. "ಎಲ್ಲಿಂದಲೋ ಇವನಿಗೆ ಬೆಳ್ಳಿ ಕಳಿಸಿದವರು ನೀವು, ನನ್ನನ್ನೇಕೆ ಕೇಳುತ್ತೀರಿ ಅಂತಿದ್ದಾರೆ."

ಎಂಟನೆಯ ತರಗತಿಯ ಮಕ್ಕಳು ಯಾರಾದರೂ ಆಗ ಅಲ್ಲಿದ್ದರೆ ನನ್ನ ಮುಖ ನೋಡಿ ಖುಷಿಪಡುತ್ತಿದ್ದರು. ಇವನನ್ನು ಈಗ ಯಾರೂ ಪೂಜಿಸುವುದಿಲ್ಲ ಎಂದು ಕಲಿಸಿದವಳು ಇವನ ಮುಂದೆ ಸೆರಗು ಹೊದ್ದು ಕೂತಿದ್ದೆ. ನಂಬಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ತಂಗಿ ಹಾಡಬೇಕಾಗಿತ್ತು, ಅದೊಂದು ಗೊತ್ತಿತ್ತು.

ಅವನು ಕಾಯುತ್ತಾ ನಿಂತ. ಯಾರು ಹಾಡುತ್ತಾರೆ ಎಂದು ಶಿಷ್ಯೆ ಮೆಲ್ಲಗೆ ಕೇಳಿದಳು. ನಾವೆಲ್ಲ ಬಾಗಿಲ ಕಡೆ ನೋಡಿದೆವು. ತಂಗಿ ತಲೆಯಾಡಿಸಿದಳು. ಅವಳ ಕಣ್ಣು ತುಂಬಿದ್ದವು.

"ಒತ್ತಾಯ ಮಾಡಬ್ಯಾಡ ಅಕ್ಕಾ. ನನ್ನ ಕಡಿಂದ ಆಗಂಗಿಲ್ಲ."

"ಆತು," ಅಂದೆ. "ಹರಕಿ ಹೊತ್ತಾಕಿ ನಾನು. ನಾನ ಹಾಡತೇನಿ."

ಚಿಕ್ಕಂದಿನಲ್ಲಿ ಗುರುಗಳು ನನ್ನನ್ನು ಎಬ್ಬಿಸಿ ಕಳಿಸಿದ ದಿನ ಅರ್ಧಕ್ಕೆ ನಿಂತ ಆ ಸರಿಗಮವನ್ನೇ ತೆಗೆದುಕೊಂಡೆ, ಬೇರೆ ಏನೂ ನನಗೆ ಬರುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಹೇಗಿತ್ತು ಎಂದು ನಾನು ಹೇಳಲಾರೆ. ಅವ್ವ ನೆಲ ನೋಡಿದಳು. ಅಥೆನ್ಸಿನ ಶಿಷ್ಯೆ ಕೆಳದುಟಿ ಕಚ್ಚಿಕೊಂಡಳು. ಹಲ್ಲಿನ ಡಾಕ್ಟರು ಮಾತ್ರ ಗಂಭೀರವಾಗಿ ಕೇಳುತ್ತಿದ್ದ. ಮೇಲೆ ಹತ್ತಿದೆ, ಇಳಿದೆ, ನಿಲ್ಲಲಿಲ್ಲ, ಮತ್ತೆ ಹತ್ತಿದೆ. ಬಾಗಿಲ ಹತ್ತಿರ ತಂಗಿ ಕೈಯನ್ನು ಕಿವಿಗೆ ಒಯ್ದದ್ದು ಕಂಡಿತು. ನಾನು ದನಿ ಇನ್ನಷ್ಟು ಎತ್ತರಿಸಿದೆ.

"ಅಕ್ಕಾ, ಗಂಧಾರ ಅಲ್ಲಿಲ್ಲ."

ನಾನು ಕೇಳಿಸದವಳಂತೆ ಹಾಡಿದೆ.

"ಅಲ್ಲಿಲ್ಲ ಅಂದ್ನೆಲ್ಲ!" ತಂಗಿ ಹಲ್ಲು ಕಚ್ಚಿ ನಮ್ಮ ನಡುವೆ ಬಂದು ಕೂತಳು. "ಇಲ್ಲೈತಿ." ಬಾಯಿ ತೆರೆದು ಗಂಧಾರವನ್ನು ಹಿಡಿದು ತೋರಿಸಿದಳು.

ನಾನು ಹಾಡು ನಿಲ್ಲಿಸಿದೆ. ಅವಳು ಬಿಡಲಿಲ್ಲ, ಬಿಡುವುದನ್ನು ಮರೆತಳು. ಹಳೆಯ ದನಿಯಾಗಿರಲಿಲ್ಲ ಅದು, ಕೆಳಗಿನ ಶ್ರುತಿ, ದೊರಗು, ಅಂಚಿನಲ್ಲಿ ಸ್ವಲ್ಪ ಗಾಳಿ. ಆದರೆ ನನ್ನಂಥವಳಿಗೂ ತಿಳಿಯುವಷ್ಟು ನೆಟ್ಟಗೆ ನಿಂತಿತ್ತು. ಅಲ್ಲಿಂದ ಮಧ್ಯಮಕ್ಕೆ ಹೋದಳು, ಪಂಚಮಕ್ಕೆ ಹೋದಳು, ಮೇಲೆ ಒಂದು ಕಡೆ ದನಿ ಒಡೆಯಿತು. ಒಡೆದಲ್ಲಿಂದ ಇಳಿದು ಬಂದು ಮತ್ತೆ ಹತ್ತಿದಳು. ಪರದೆಯ ಆ ಕಡೆ ಶಿಷ್ಯೆ ಮುಖ ಮುಚ್ಚಿಕೊಂಡಿದ್ದಳು. ಅವ್ವ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೋಲಿನ ದೇವರನ್ನೇ ನೋಡುತ್ತಿದ್ದಳು.

ತಂಗಿ ಷಡ್ಜಕ್ಕೆ ಬಂದು ನಿಲ್ಲಿಸಿದಳು. ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು, ಸಣ್ಣವಳಿದ್ದಾಗಿನಂತೆಯೇ ಸಿಟ್ಟಿನಿಂದ ನನ್ನ ಕಡೆ ತಿರುಗಿದಳು.

"ಇನ್ನ ಮ್ಯಾಲೆ ನೀ ಹಾಡಬ್ಯಾಡ," ಅಂದಳು. "ನಾ ಅದೇನಿ."